ರೆಕಾರ್ಡರ್ ಬಾಕ್ಸ್, ಟಿವಿ, ಸೌಂಡ್ ಸಿಸ್ಟಮ್: ಚಿತ್ರ ಕೆಟ್ಟಾಗ, ಸ್ವರ ನಿಂತಾಗ ಕೊಡಗಿನ ಮನೆಗಳಿಂದ ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿ ಸುತ್ತಮುತ್ತ ಡಿಶ್ ಕೂರಿಸುವ, ರೆಕಾರ್ಡರ್ ಬಾಕ್ಸ್ ಜೋಡಿಸುವ ಕೆಲಸ ಮಾಡುತ್ತಾ ನನಗೆ ಇಪ್ಪತ್ತು ವರ್ಷ ಆಯಿತು. ಜೂನ್ ಬಂತೆಂದರೆ ಫೋನಿಗೆ ಬಿಡುವಿಲ್ಲ. ನಾಪೋಕ್ಲು ದಾಟಿ ತೋಟದೊಳಗಿನ ಒಂದು ಮನೆಗೆ ಹೋಗಿ ಬರಲು ಅರ್ಧ ದಿನ ಬೇಕು. ಅಲ್ಲಿ ಸಡಿಲ ಆಗಿದ್ದ ಒಂದು ವಯರ್ ಒತ್ತಿ ಬಂದು, ಅದಕ್ಕೆ ದುಡ್ಡು ತೆಗೆದುಕೊಳ್ಳಲು ನನಗೆ ಮನಸ್ಸು ಬರುವುದಿಲ್ಲ. ಅದಕ್ಕೇ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇನೆ. ಬಾಕ್ಸ್ ಯಾವ ಕಂಪನಿಯದ್ದಾದರೂ ಲೆಕ್ಕಾಚಾರ ಒಂದೇ.

ಚಿತ್ರ ಚೌಕ ಚೌಕವಾಗಿ ಒಡೆಯುತ್ತಿದೆ. ಟಿವಿ ಹಾಳಾಯ್ತಾ?

ಟಿವಿ ಅಂಗಡಿಗೆ ಫೋನ್ ಮಾಡುವ ಮುಂಚೆ ಒಂದು ಕೆಲಸ ಮಾಡಿ. ಒಡೆದ ಜಾಗವನ್ನು ರಿವೈಂಡ್ ಮಾಡಿ ಇನ್ನೊಂದು ಸಲ ನೋಡಿ.

ರೆಕಾರ್ಡರ್ ಇರುವ ಮನೆಯವರಿಗೆ ಸಿಕ್ಕಿರುವ ದೊಡ್ಡ ಅನುಕೂಲ ಇದು. ಮಾಮೂಲಿ ಬಾಕ್ಸ್‌ನಲ್ಲಿ ಒಡೆದದ್ದು ಒಡೆದುಹೋಯಿತು, ಮತ್ತೆ ನೋಡಲು ಸಿಗುವುದಿಲ್ಲ. ಇಲ್ಲಿ ಸಿಗುತ್ತದೆ. ಅದೇ ಮಾತಿಗೆ, ಅದೇ ಮುಖದ ಮೇಲೆ, ಅದೇ ಥರ ಒಡೆದರೆ ದೋಷವೂ ರೆಕಾರ್ಡ್ ಆಗಿದೆ ಅಂತ ಅರ್ಥ. ಅಂದರೆ ಬಾಕ್ಸ್‌ಗೆ ಬರುವ ಮೊದಲೇ ಸಿಗ್ನಲ್ ಕೆಟ್ಟಿದೆ. ಡಿಶ್, ಅದರ ಮುಂದೆ ನಿಂತು ಅಲೆ ಹಿಡಿಯುವ ಎಲ್‌ಎನ್‌ಬಿ, ಮಾಡಿನಿಂದ ಇಳಿದು ಬರುವ ಕೇಬಲ್, ಈ ಮೂರರಲ್ಲಿ ಹುಡುಕಿ. ಎರಡನೇ ಸಲ ಆ ಜಾಗ ಚೊಕ್ಕವಾಗಿ ಬಂದರೆ ಡಿಶ್ ಕಡೆ ತಲೆ ಕೆಡಿಸಿಕೊಳ್ಳಬೇಡಿ. ತೊಂದರೆ ಬಾಕ್ಸ್‌ನಲ್ಲೋ, ಅಲ್ಲಿಂದ ಟಿವಿಗೆ ಹೋಗುವ ದಾರಿಯಲ್ಲೋ ಇದೆ. ಇನ್ನು ಹೋದ ತಿಂಗಳು ಚೆನ್ನಾಗಿ ಓಡಿದ ರೆಕಾರ್ಡಿಂಗ್ ಈಗ ಒಂದೇ ಜಾಗದಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದ್ದರೆ ಹಾರ್ಡ್ ಡಿಸ್ಕ್‌ಗೆ ವಯಸ್ಸಾಗಿದೆ.

ಇನ್ನೊಂದು ಗುರುತು ಹೇಳುತ್ತೇನೆ. ಚೌಕ ಚೌಕ ಒಡೆಯುವುದು ಬಾಕ್ಸ್‌ನಿಂದ ಟಿವಿಗೆ ಹೋಗುವ ಎಚ್‌ಡಿಎಂಐ ವಯರ್‌ನಿಂದ ಆಗುವ ತೊಂದರೆ ಅಲ್ಲ. ಉಪಗ್ರಹದಿಂದ ಬರುವ ಚಿತ್ರವನ್ನು ಸಣ್ಣ ಸಣ್ಣ ಚೌಕಗಳಾಗಿ ಹಿಂಡಿ ಕಳಿಸುತ್ತಾರೆ. ಅದನ್ನು ಬಿಡಿಸಿ ಪೂರ್ತಿ ಚಿತ್ರ ಮಾಡುವುದು ಬಾಕ್ಸ್. ಬಿಡಿಸುವಾಗ ಒಂದು ತುಂಡು ಸಿಗದಿದ್ದರೆ ಆ ಜಾಗ ಚೌಕವಾಗಿ ನಿಂತುಬಿಡುತ್ತದೆ. ಎಚ್‌ಡಿಎಂಐ ವಯರ್ ಹೊತ್ತು ತರುವುದು ಬಿಡಿಸಿದ ಮೇಲಿನ ಚಿತ್ರವನ್ನು. ಆ ವಯರ್ ಕೆಟ್ಟರೆ ಬಿಳಿ ಚುಕ್ಕಿಗಳು ಮಿಣುಕುತ್ತವೆ, ಗೆರೆ ಬರುತ್ತದೆ, ಇಲ್ಲವೇ ಪರದೆ ಎರಡು ಸೆಕೆಂಡ್ ಕಪ್ಪಾಗಿ ಮತ್ತೆ ಬರುತ್ತದೆ. ಫೋನಿನಲ್ಲಿ ಇಷ್ಟು ವ್ಯತ್ಯಾಸ ಹೇಳಿದರೂ ಸಾಕು, ನಾನು ಏಣಿ ತರಬೇಕೋ ವಯರ್ ತರಬೇಕೋ ಗೊತ್ತಾಗುತ್ತದೆ.

ಮಳೆ ಬಂದರೆ ರೆಕಾರ್ಡಿಂಗ್ ಪೂರ್ತಿ ಹಾಳು. ಇದಕ್ಕೆ ಪರಿಹಾರ ಇದೆಯಾ?

ಪೂರ್ತಿ ಪರಿಹಾರ ಇಲ್ಲ, ಕಮ್ಮಿ ಮಾಡಬಹುದು. ನಮ್ಮ ಡಿಶ್‌ಗಳಿಗೆ ಬರುವ ಅಲೆ ಕೆಯು ಬ್ಯಾಂಡ್‌ನದ್ದು, ಸುಮಾರು 11ರಿಂದ 12 ಗಿಗಾಹರ್ಟ್ಸ್. ಅಲೆಯ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು. ದಪ್ಪ ಹನಿಯ ಮಳೆ ಅದನ್ನು ಹೀರಿಕೊಳ್ಳುತ್ತದೆ, ಚದುರಿಸುತ್ತದೆ. ಮಂಜಿನಿಂದ ಹಾಗೆ ಆಗುವುದಿಲ್ಲ. "ರಾಜಾಸೀಟ್ ಕಡೆಯಿಂದ ಮಂಜು ಬಂತು, ಟಿವಿ ಹೋಯ್ತು" ಅಂತ ಮಡಿಕೇರಿಯವರು ಹೇಳುತ್ತಿರುತ್ತಾರೆ. ಮಂಜಿನ ಹನಿ ತೀರಾ ಸಣ್ಣದು, ಈ ಅಲೆಗೆ ಅದು ಲೆಕ್ಕಕ್ಕಿಲ್ಲ. ಮಂಜಿನ ದಿನ ಚಿತ್ರ ಹೋದರೆ ಕೇಬಲ್ ತುದಿಯಲ್ಲಿ ನೀರು ಸೇರಿದೆ ಅಂತಲೇ ನಾನು ಮೊದಲು ಅನುಮಾನ ಪಡುತ್ತೇನೆ.

ಭಾಗಮಂಡಲ, ತಲಕಾವೇರಿ ಕಡೆ ಇರುವವರು ದೊಡ್ಡ ಡಿಶ್ ಹಾಕಿಸಿಕೊಳ್ಳಿ. 60 ಸೆಂಟಿಮೀಟರಿನ ಬದಲು 90 ಸೆಂಟಿಮೀಟರಿನದ್ದು ಹಾಕಿದರೆ ಅಲೆ ಹಿಡಿಯುವ ಜಾಗ ಎರಡೂಕಾಲು ಪಟ್ಟು ಆಗುತ್ತದೆ. ಜಡಿಮಳೆಗೆ ಆಗಲೂ ಹೋಗುತ್ತದೆ, ಆದರೆ ಮಾಮೂಲಿ ಮಳೆಗೆ ಹೋಗುವುದು ನಿಲ್ಲುತ್ತದೆ. ಒಂದು ಎಚ್ಚರಿಕೆ: ಡಿಶ್ ದೊಡ್ಡದಾದಷ್ಟೂ ಅದರ ಗುರಿ ಕಿರಿದಾಗುತ್ತದೆ. ಕಂಬ ಗಾಳಿಗೆ ಒಂಚೂರು ಅಲುಗಾಡಿದರೂ ಸಿಗ್ನಲ್ ತಪ್ಪುತ್ತದೆ. ಹಂಚಿನ ಮಾಡಿನ ರೀಪಿಗೆ ಬಿಗಿಯಬೇಡಿ. ಗೋಡೆಗೋ ಕಾಂಕ್ರೀಟಿಗೋ ಬೋಲ್ಟ್ ಹಾಕಿಸಿ.

ಕುಶಾಲನಗರದಲ್ಲಿ ಇದೇ ಪ್ರಶ್ನೆ ಅಪರೂಪ. ಒಂದೇ ಜಿಲ್ಲೆ, ಮಳೆ ಬೇರೆ ಬೇರೆ ಅಲ್ವಾ. ಅಲ್ಲಿಯವರು ಸುಮ್ನೆ ದೊಡ್ಡ ಡಿಶ್‌ಗೆ ದುಡ್ಡು ಹಾಕಬೇಕಾಗಿಲ್ಲ.

ಎಲ್ಲರೂ ಮಾಡಬಹುದಾದದ್ದು ಒಂದಿದೆ. ಮೇ ತಿಂಗಳಲ್ಲಿ, ಆಕಾಶ ತಿಳಿಯಾಗಿರುವಾಗ ಬಾಕ್ಸ್‌ನ ಸಿಗ್ನಲ್ ಪುಟ ತೆಗೆದು ನೋಡಿ. ಅಲ್ಲಿ ಎರಡು ಪಟ್ಟಿ ಇರುತ್ತವೆ, ಸ್ಟ್ರೆಂತ್ ಮತ್ತು ಕ್ವಾಲಿಟಿ. ಜನ ಸ್ಟ್ರೆಂತ್ ನೋಡಿ ಸಮಾಧಾನ ಪಡುತ್ತಾರೆ. ನೋಡಬೇಕಾದದ್ದು ಕ್ವಾಲಿಟಿಯನ್ನು. ಬಿಸಿಲಲ್ಲೇ ಅದು ಅರ್ಧಕ್ಕೆ ನಿಂತಿದ್ದರೆ ಮೊದಲ ಮಳೆಗೇ ಬಿದ್ದುಹೋಗುತ್ತದೆ. ಆಗಲೇ ಡಿಶ್ ಸರಿಪಡಿಸಿ, ಅದರ ಮೇಲೆ ಕಟ್ಟಿದ ಪಾಚಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಬಿಡಿ.

ತಪ್ಪಿಸಿಕೊಳ್ಳಲೇಬಾರದ ಕಾರ್ಯಕ್ರಮ ಇದ್ದರೆ ಮರುಪ್ರಸಾರವನ್ನೂ ಶೆಡ್ಯೂಲ್‌ಗೆ ಹಾಕಿಡಿ. ಅಕ್ಟೋಬರ್ ಮಧ್ಯದಲ್ಲಿ ಕಾವೇರಿ ಸಂಕ್ರಮಣದ ತೀರ್ಥೋದ್ಭವವನ್ನು ನೇರಪ್ರಸಾರದಲ್ಲಿ ರೆಕಾರ್ಡ್ ಮಾಡಲು ಕೂತವರು ಮಳೆಗೆ ಆ ಒಂದು ನಿಮಿಷವನ್ನೇ ಕಳೆದುಕೊಂಡು ಬೇಜಾರಾಗಿದ್ದನ್ನು ನೋಡಿದ್ದೇನೆ. ಆ ಹೊತ್ತಿಗೆ ಎರಡು ಬೇರೆ ಚಾನೆಲ್‌ ರೆಕಾರ್ಡ್ ಮಾಡಿದರೆ ಒಂದಾದರೂ ಉಳಿಯಬಹುದು.

ಮಳೆ ನಿಂತು ಎರಡು ದಿನ ಆಯ್ತು. ಆದರೂ ಚಿತ್ರ ಬಂದಿಲ್ಲ.

ಹಾಗಾದರೆ ಇದು ಮಳೆಯ ತಪ್ಪಲ್ಲ, ಒಳಗೆ ಸೇರಿದ ನೀರಿನ ತಪ್ಪು.

ಒಂದು ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳಲ್ಲಿ, ಭಾಗಮಂಡಲದ ಹತ್ತಿರದ ಮನೆಗೆ ಹೋಗಿದ್ದೆ. "ಬಿಸಿಲು ಬಂದ್ರೂ ಇದಕ್ಕೆ ಗೊತ್ತಾಗಿಲ್ಲ ಮಗಾ" ಅಂದರು ಆ ಮನೆಯ ಅಜ್ಜಿ. ಬಾಕ್ಸ್ ಹಿಂದಿನ ಕೇಬಲ್‌ನ ತಿರುಪು ಬಿಚ್ಚಿದೆ. ಬೆರಳಿನ ಮೇಲೆ ಒಂದು ಹನಿ ನೀರು ಬಿತ್ತು. ಮಾಡಿನ ಮೇಲಿನ ತುದಿಯಲ್ಲಿ ಒಳಹೋದ ನೀರು, ಕೇಬಲ್‌ನ ಹೆಣೆದ ತಂತಿಯೊಳಗೆ ಕೊಳವೆಯಲ್ಲಿ ಹರಿದ ಹಾಗೆ ಹರಿದು ಬಾಕ್ಸ್ ತನಕ ಬಂದಿತ್ತು. ಮೇಲೆ ಹತ್ತಿ ಎಲ್‌ಎನ್‌ಬಿ ಕಡೆಯ ತುದಿ ಬಿಚ್ಚಿ ನೋಡಿದರೆ ನಡುವಿನ ತಾಮ್ರದ ಕಡ್ಡಿ ಪಾಚಿ ಬಣ್ಣಕ್ಕೆ ತಿರುಗಿತ್ತು. ಉಗುರಿನಲ್ಲಿ ಕೆರೆದರೆ ಹಸಿರು ಪುಡಿ ಉದುರಿತು. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸೋಣ ಅಂತ ಮೊಳಗಟ್ಟಲೆ ಕತ್ತರಿಸಿದೆ, ಸಿಗಲೇ ಇಲ್ಲ. ಕೊನೆಗೆ ಇಡೀ ಕೇಬಲ್ ಬದಲಾಯಿಸಬೇಕಾಯಿತು.

ಈ ಕಡ್ಡಿಯಲ್ಲಿ ಬರೀ ಸಿಗ್ನಲ್ ಇರುವುದಿಲ್ಲ. ಎಲ್‌ಎನ್‌ಬಿ ನಡೆಯಲು ಬೇಕಾದ ಕರೆಂಟನ್ನು ಬಾಕ್ಸ್ ಇದರಲ್ಲೇ ಕಳಿಸುತ್ತದೆ, 13 ಅಥವಾ 18 ವೋಲ್ಟ್. ಕರೆಂಟೂ ನೀರೂ ಸೇರಿದರೆ ತಾಮ್ರ ಬೇಗ ತಿಂದುಹೋಗುತ್ತದೆ.

ತುದಿಗೆ ಬಿಗಿಯುವ ಕನೆಕ್ಟರ್‌ನ ಮೇಲೆ, ಎಳೆದು ಸುತ್ತಿದರೆ ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್ ಸುತ್ತಿಸಿ. ಮಾಮೂಲಿ ಕಪ್ಪು ಇನ್ಸುಲೇಶನ್ ಟೇಪ್ ನಮ್ಮ ಮಳೆಗೆ ಬಿಟ್ಟುಕೊಳ್ಳುತ್ತದೆ. ವಿನೆಗರ್ ವಾಸನೆ ಬರುವ ಸಿಲಿಕೋನ್ ಗಮ್ ಹಚ್ಚಲೇಬೇಡಿ, ಅದರ ಹುಳಿಯೇ ತಾಮ್ರವನ್ನು ತಿನ್ನುತ್ತದೆ. ಕೇಬಲ್ ಮನೆಯೊಳಗೆ ಬರುವ ಮುಂಚೆ ಒಂದು ಕಡೆ ಜೋಕಾಲಿಯ ಹಾಗೆ ಕೆಳಗೆ ಇಳಿಬಿಡಿ. ಹೊರಮೈ ಮೇಲೆ ಹರಿದ ನೀರು ಅಲ್ಲಿಂದ ತೊಟ್ಟಿಕ್ಕಿ ಹೋಗುತ್ತದೆ.

ಕೆಲವು ಚಾನೆಲ್ ಬರುತ್ತವೆ, ಕೆಲವು ಇಲ್ಲ. ರೀಚಾರ್ಜ್ ಮಾಡಿದ್ದೇನೆ.

ಮೇಲೆ ಹೇಳಿದ 13 ಮತ್ತು 18 ವೋಲ್ಟ್ ಇಲ್ಲಿ ಕೆಲಸಕ್ಕೆ ಬರುತ್ತದೆ. 13 ಕೊಟ್ಟಾಗ ಎಲ್‌ಎನ್‌ಬಿ ಲಂಬ ಅಲೆಗಳನ್ನು ಹಿಡಿಯುತ್ತದೆ, 18 ಕೊಟ್ಟಾಗ ಅಡ್ಡ ಅಲೆಗಳನ್ನು. ಕನೆಕ್ಟರ್‌ನಲ್ಲಿ ಕಿಲುಬು ಕಟ್ಟಿದ್ದರೆ 18 ವೋಲ್ಟ್ ಮೇಲೆ ತಲುಪುವಾಗ ಸೋರಿಹೋಗಿರುತ್ತದೆ. ಆಗ ಒಂದು ಗುಂಪಿನ ಚಾನೆಲ್‌ಗಳು ಒಟ್ಟಿಗೆ ಮಾಯ ಆಗುತ್ತವೆ. ಎಲ್‌ಎನ್‌ಬಿ ಬದಲಿಸುವ ಮುಂಚೆ ಎರಡೂ ತುದಿಯ ಕನೆಕ್ಟರ್ ಹೊಸದು ಹಾಕಿ ನೋಡಿ. ಅದರ ಬೆಲೆ ತೀರಾ ಕಮ್ಮಿ.

ಒಂದು ಚಾನೆಲ್ ರೆಕಾರ್ಡ್ ಮಾಡುತ್ತಾ ಇನ್ನೊಂದು ನೋಡಿದರೆ "ಸಿಗ್ನಲ್ ಇಲ್ಲ" ಅನ್ನುತ್ತದೆ.

ನಿಮ್ಮ ಬಾಕ್ಸ್‌ನ ಹಿಂದೆ ಡಿಶ್ ಕೇಬಲ್ ಸಿಕ್ಕಿಸುವ ತಿರುಪು ಎರಡಿವೆಯಾ ನೋಡಿ. ಎರಡಿದ್ದು ಒಂದಕ್ಕೆ ಮಾತ್ರ ಕೇಬಲ್ ಬಂದಿದ್ದರೆ ಕಾರಣ ಅದೇ. ಒಳಗೆ ಚಾನೆಲ್ ಹಿಡಿಯುವ ಎರಡು ಟ್ಯೂನರ್‌ಗೂ ಅವುಗಳದ್ದೇ ಕೇಬಲ್ ಬೇಕು, ಮೇಲೆ ಎರಡು ಬಾಯಿಯ ಎಲ್‌ಎನ್‌ಬಿ ಬೇಕು. ಅಂಗಡಿಯ ಮಾಮೂಲಿ ಸ್ಪ್ಲಿಟರ್ ಹಾಕಿ ಒಂದನ್ನು ಎರಡು ಮಾಡಲು ಆಗುವುದಿಲ್ಲ. ಒಂದು ಟ್ಯೂನರ್ 13 ಕೇಳುವ ಹೊತ್ತಿಗೆ ಇನ್ನೊಂದು 18 ಕೇಳಿದರೆ ಎಲ್‌ಎನ್‌ಬಿ ಯಾರ ಮಾತು ಕೇಳಬೇಕು? ಒಂದೇ ಕೇಬಲ್‌ನಲ್ಲಿ ಎರಡು ಟ್ಯೂನರ್ ನಡೆಸುವ ಬೇರೆ ಥರದ ಎಲ್‌ಎನ್‌ಬಿ ಇದೆ, ಆದರೆ ಬಾಕ್ಸ್ ಅದಕ್ಕೆ ಹೊಂದಬೇಕು. ನಿಮ್ಮ ಸೇವೆಯವರನ್ನೇ ಕೇಳಿ.

ಹೋದ ವರ್ಷ ಚೆನ್ನಾಗಿತ್ತು. ಡಿಶ್ ಯಾರೂ ಮುಟ್ಟಿಲ್ಲ. ಈ ವರ್ಷ ದಿನಾ ಒಡೆಯುತ್ತದೆ.

ಡಿಶ್ ಯಾವ ಕಡೆ ಮುಖ ಮಾಡಿದೆಯೋ ಆ ಕಡೆ ನಿಂತು ಮೇಲೆ ನೋಡಿ. ಡಿಡಿ ಫ್ರೀ ಡಿಶ್‌ನ ಜಿಸ್ಯಾಟ್-15 ಉಪಗ್ರಹ 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಅಂದರೆ ಕೊಡಗಿನಿಂದ ನೋಡಿದರೆ ಆಗ್ನೇಯ ದಿಕ್ಕು, ಎತ್ತರ ಸುಮಾರು 65 ಡಿಗ್ರಿ. ಆ ದಾರಿಯಲ್ಲಿ ಸಿಲ್ವರ್ ಓಕ್ ಮರ ಇದ್ದರೆ ಅದೇ ಕಾರಣ. ಡಿಶ್ ಯಾರೂ ಮುಟ್ಟಿಲ್ಲ ನಿಜ, ಮರ ಮಾತ್ರ ಬೆಳೆಯುತ್ತಲೇ ಇತ್ತು. ತೋಟದಲ್ಲಿ ನೆರಳು ಕಪಾತು ಮಾಡಿದ ಮೇಲೆ, ಅಂದರೆ ನೆರಳು ಮರದ ಕೊಂಬೆ ಸವರಿದ ಮೇಲೆ, ಚಿತ್ರ ತಾನಾಗಿ ಸರಿಯಾಗಿ, ಮಳೆಗಾಲದಲ್ಲಿ ಚಿಗುರು ಬಂದ ಮೇಲೆ ಮತ್ತೆ ಕೆಟ್ಟರೆ ಅನುಮಾನವೇ ಬೇಡ. ಒದ್ದೆ ಎಲೆ ಒಣ ಎಲೆಗಿಂತ ಜಾಸ್ತಿ ತಡೆಯುತ್ತದೆ. ಮರ ಕಡಿಯಬೇಕಾಗಿಲ್ಲ, ಡಿಶ್ಶನ್ನು ಕಣದ ಕಡೆಗೆ ಹತ್ತಡಿ ಸರಿಸಿದರೆ ಸಾಕಾಗುತ್ತದೆ.

ಮಾರ್ಚ್‌ನಲ್ಲಿ, ಒಳ್ಳೆ ಬಿಸಿಲಿನಲ್ಲಿ, ಮಧ್ಯಾಹ್ನಕ್ಕೆ ಮುಂಚೆ ಕೆಲವು ನಿಮಿಷ ಚಿತ್ರ ಹೋಗುತ್ತದೆ. ಯಾಕೆ?

ಸೂರ್ಯ ಉಪಗ್ರಹದ ನೇರ ಹಿಂದೆ ಬಂದಿರುತ್ತಾನೆ. ಅವನ ಅಬ್ಬರದಲ್ಲಿ ಉಪಗ್ರಹದ ಸಣ್ಣ ದನಿ ಡಿಶ್‌ಗೆ ಕೇಳಿಸುವುದಿಲ್ಲ. ಮಾರ್ಚ್‌ನಲ್ಲಿ ಕೆಲವು ದಿನ, ಮತ್ತೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರಗಳಲ್ಲಿ ಕೆಲವು ದಿನ ಹೀಗಾಗುತ್ತದೆ. ಏನೂ ಮಾಡಬೇಡಿ.

ಎಲ್ಲಾ ಆನ್ ಇದೆ. ಟಿವಿಯಲ್ಲಿ ಮಾತ್ರ "ನೋ ಸಿಗ್ನಲ್".

ಮೊದಲು ಟಿವಿ ರಿಮೋಟ್‌ನಲ್ಲಿ ಇನ್‌ಪುಟ್ ಸರಿ ಇದೆಯಾ ನೋಡಿ. ಮಕ್ಕಳು ಗೇಮ್ ಆಡಿ ಎಚ್‌ಡಿಎಂಐ 2ಕ್ಕೆ ಬಿಟ್ಟು ಹೋಗಿರುತ್ತಾರೆ.

ಅದು ಸರಿ ಇದ್ದರೆ ಎಲ್ಲವನ್ನೂ ಸ್ವಿಚ್‌ಬೋರ್ಡ್‌ನಲ್ಲೇ ಆಫ್ ಮಾಡಿ. ರಿಮೋಟ್‌ನಲ್ಲಿ ಅಲ್ಲ. ಎರಡು ನಿಮಿಷ ಬಿಡಿ. ಎಚ್‌ಡಿಎಂಐ ವಯರ್‌ನ ಎರಡೂ ತುದಿ ತೆಗೆದು ಮತ್ತೆ ಗಟ್ಟಿಯಾಗಿ ಹಾಕಿ. ಈಗ ಟಿವಿ ಮೊದಲು ಆನ್ ಮಾಡಿ. ನಡುವೆ ಹೋಮ್ ಥಿಯೇಟರ್ ಇದ್ದರೆ ಅದು ಎರಡನೆಯದು. ಬಾಕ್ಸ್ ಕೊನೆಗೆ. ಎಚ್‌ಡಿಎಂಐನಲ್ಲಿ ಚಿತ್ರ ಹರಿಯುವ ಮುಂಚೆ ಎರಡೂ ಕಡೆ ಮಾತುಕತೆ ಆಗುತ್ತದೆ. ನೀನು ಯಾವ ಅಳತೆಯ ಚಿತ್ರ ತೋರಿಸಬಲ್ಲೆ ಅಂತ ಬಾಕ್ಸ್ ಕೇಳುತ್ತದೆ, ಟಿವಿ ಹೇಳುತ್ತದೆ. ಆಮೇಲೆ ಕಾಪಿ ತಡೆಯುವ ಎಚ್‌ಡಿಸಿಪಿ ಬೀಗದ ಕೀಲಿ ಹೊಂದಿಸಿಕೊಳ್ಳುತ್ತವೆ. ಕರೆಂಟ್ ಹೋಗಿ ಬಂದು ಎಲ್ಲವೂ ಒಂದೇ ಸಲ ಎದ್ದರೆ ಈ ಮಾತುಕತೆ ಅರ್ಧಕ್ಕೆ ನಿಲ್ಲುತ್ತದೆ. ಮಳೆಗಾಲದಲ್ಲಿ ದಿನಕ್ಕೆ ಹತ್ತು ಸಲ ಕರೆಂಟ್ ಹೋಗುವ ನಮ್ಮಲ್ಲಿ ಈ ದೂರು ಜಾಸ್ತಿ ಇರುವುದು ಅದಕ್ಕೇ. ಫೋನಿನಲ್ಲಿ ಈ ಕ್ರಮ ಹೇಳಿಕೊಟ್ಟು ಎಷ್ಟೋ ಮನೆಯ ಟಿವಿ ಸರಿ ಮಾಡಿದ್ದೇನೆ.

ಹೊಸ 4ಕೆ ಬಾಕ್ಸ್, ಹಳೆಯ ಟಿವಿ ಆದರೆ ಬೀಗವೇ ಹೊಂದದಿರಬಹುದು. 4ಕೆ ಚಿತ್ರಕ್ಕೆ ಎಚ್‌ಡಿಸಿಪಿ 2.2 ಬೇಕು. ಟಿವಿ, ನಡುವಿನ ಹೋಮ್ ಥಿಯೇಟರ್, ಎರಡರಲ್ಲೂ ಅದು ಇರಬೇಕು. ಹೋಮ್ ಥಿಯೇಟರ್ ಬಿಟ್ಟು ಬಾಕ್ಸ್‌ನಿಂದ ನೇರ ಟಿವಿಗೆ ವಯರ್ ಹಾಕಿ ನೋಡಿ. ಚಿತ್ರ ಬಂದರೆ ಯಾರಿಂದ ತೊಂದರೆ ಅಂತ ಗೊತ್ತಾಯಿತು. ಯಾರೋ ಬಾಕ್ಸ್‌ನಲ್ಲಿ ರೆಸಲ್ಯೂಶನ್ ಏರಿಸಿ, ಟಿವಿ ಅದನ್ನು ತೋರಿಸಲಾಗದೆ ಕಪ್ಪಾಗಿದ್ದರೆ, ಹಳದಿ-ಕೆಂಪು-ಬಿಳಿ ಎವಿ ವಯರ್ ಸಿಕ್ಕಿಸಿ ಮೆನು ತೆಗೆದು ಇಳಿಸಿಕೊಳ್ಳಬಹುದು.

ಚಿತ್ರ ಪೂರ್ತಿ ಗುಲಾಬಿ ಅಥವಾ ಹಸಿರು ಆಗಿದೆ.

ಎಚ್‌ಡಿಎಂಐನ ಮೂತಿಯಲ್ಲಿ 19 ಪಿನ್ ಇವೆ. ಒಂದು ಸರಿಯಾಗಿ ತಾಗದಿದ್ದರೂ ಹೀಗಾಗಬಹುದು. ಬೇರೆ ಪೋರ್ಟ್, ಬೇರೆ ವಯರ್ ಹಾಕಿ ನೋಡಿ. ಅದಕ್ಕೂ ಬಗ್ಗದಿದ್ದರೆ ಬಾಕ್ಸ್‌ನ ಮೆನುವಿನಲ್ಲಿ ಬಣ್ಣದ ಫಾರ್ಮ್ಯಾಟನ್ನು ಆಟೋಗೆ ಬಿಡಿ.

ಎವಿ ವಯರ್ ಹಾಕಿದರೆ ಕಪ್ಪು-ಬಿಳುಪು ಚಿತ್ರ ಬರುತ್ತದೆ.

ಹಳದಿ ಪಿನ್ ತಪ್ಪು ಜಾಗದಲ್ಲಿದೆ. ಕೆಲವು ಟಿವಿಗಳಲ್ಲಿ ಹಸಿರು ತೂತೇ ಹಳದಿಯ ಕೆಲಸವನ್ನೂ ಮಾಡುತ್ತದೆ. ಅಲ್ಲಿ ಹಾಕಿದ ಮೇಲೆ ಇನ್‌ಪುಟನ್ನು "ಕಾಂಪೊನೆಂಟ್" ಬಿಟ್ಟು "ಎವಿ"ಗೆ ತರಬೇಕು. ಪಿನ್ ಸರಿ ಇದ್ದೂ ಬಣ್ಣ ಇಲ್ಲದಿದ್ದರೆ ಬಣ್ಣ ಕಳಿಸುವ ಪದ್ಧತಿಯಲ್ಲಿ ಪಾಲ್ ಬದಲು ಎನ್‌ಟಿಎಸ್‌ಸಿ ಆಯ್ಕೆ ಆಗಿರಬಹುದು. ನಮ್ಮ ದೇಶದ್ದು ಪಾಲ್.

ಚಿತ್ರ ಇದೆ, ಸ್ವರ ಇಲ್ಲ. ಅದೂ ಕೆಲವು ಎಚ್‌ಡಿ ಚಾನೆಲ್‌ನಲ್ಲಿ ಮಾತ್ರ.

ಆ ಚಾನೆಲ್ ಡಾಲ್ಬಿಯಲ್ಲಿ ಸ್ವರ ಕಳಿಸುತ್ತಿದೆ, ನಿಮ್ಮ ಟಿವಿಗೋ ಸ್ಪೀಕರಿಗೋ ಅದನ್ನು ಬಿಡಿಸಲು ಬರುವುದಿಲ್ಲ. ಬಾಕ್ಸ್‌ನ ಆಡಿಯೋ ಮೆನುವಿನಲ್ಲಿ ಪಿಸಿಎಂ ಅಥವಾ ಸ್ಟೀರಿಯೋ ಆರಿಸಿ. ಆಗ ಬಾಕ್ಸೇ ಬಿಡಿಸಿ ಕಳಿಸುತ್ತದೆ.

ಸೌಂಡ್ ಬಾರ್‌ಗೆ ಎಚ್‌ಡಿಎಂಐ ವಯರ್ ಹಾಕಿದ್ದೂ ಸ್ವರ ಇಲ್ಲ ಅನ್ನುವವರು ಟಿವಿಯಲ್ಲಿ ಎಆರ್‌ಸಿ ಅಂತ ಬರೆದ ತೂತಿಗೇ ಹಾಕಿದ್ದೀರಾ ನೋಡಿ. ಬೇರೆ ತೂತುಗಳಿಂದ ಸ್ವರ ಹೊರಗೆ ಬರುವುದಿಲ್ಲ, ಒಳಗೆ ಮಾತ್ರ ಹೋಗುತ್ತದೆ. ಎಆರ್‌ಸಿ ಬಂದದ್ದು 2009ರ ಎಚ್‌ಡಿಎಂಐ 1.4ರ ಜೊತೆ. ಅದಕ್ಕೂ ಹಳೆಯ ಟಿವಿ ಆಗಿದ್ದರೆ ಆಪ್ಟಿಕಲ್ ವಯರ್ ಬಳಸಿ.

ತುಟಿ ಒಂದು ಕಡೆ, ಮಾತು ಒಂದು ಕಡೆ. ತಲೆನೋವು ಬಂದಿದೆ.

ಈ ತೊಂದರೆ ಸಣ್ಣದಾಗಿ ಕಂಡರೂ ಮನೆಯ ಹಿರಿಯರಿಗೆ ತುಂಬಾ ಹಿಂಸೆ ಕೊಡುತ್ತದೆ. ಕಿವಿ ಮಂದ ಆದವರು ತುಟಿ ನೋಡಿಯೇ ಅರ್ಧ ಮಾತು ತಿಳಿದುಕೊಳ್ಳುತ್ತಾರೆ. ಹಾಗಾಗಿ ಇದನ್ನು ಸರಿ ಮಾಡದೆ ಯಾವ ಮನೆಯಿಂದಲೂ ಹೊರಡಲು ನನಗೆ ಇಷ್ಟ ಇಲ್ಲ.

ಮೊದಲು ನೋಡಬೇಕಾದದ್ದು: ಮಾತು ಮುಂಚೆ ಬರುತ್ತದೋ, ತಡವಾಗಿ ಬರುತ್ತದೋ? ಇದು ಗೊತ್ತಾಗದೆ ಬಟನ್ ಒತ್ತಿದರೆ ಇನ್ನೂ ಕೆಡುತ್ತದೆ.

ಮಾತು ಮುಂಚೆ ಬಂದರೆ, ಸ್ವರ ಬಾಕ್ಸ್‌ನಿಂದ ನೇರವಾಗಿ ಹೋಮ್ ಥಿಯೇಟರ್‌ಗೆ ಹೋಗುತ್ತಿದೆ, ಚಿತ್ರ ಮಾತ್ರ ಟಿವಿಯೊಳಗೆ ನುಣುಪು ಮಾಡಿಸಿಕೊಂಡು ನಿಧಾನಕ್ಕೆ ಬರುತ್ತಿದೆ. ಹೋಮ್ ಥಿಯೇಟರ್‌ನಲ್ಲಿ ಆಡಿಯೋ ಡಿಲೇ ಅಥವಾ ಲಿಪ್ ಸಿಂಕ್ ಅಂತ ಇರುತ್ತದೆ. ಹತ್ತು ಹತ್ತು ಮಿಲಿಸೆಕೆಂಡ್ ಏರಿಸುತ್ತಾ ಹೋಗಿ. ವಾರ್ತೆ ಓದುವವರ ಮುಖ ಹತ್ತಿರದಿಂದ ಕಾಣುವ ರೆಕಾರ್ಡಿಂಗ್ ಇಟ್ಟುಕೊಂಡು, "ಪ", "ಬ", "ಮ" ಬರುವಾಗ ತುಟಿ ಮುಚ್ಚುವುದನ್ನು ನೋಡಿ. ಆ ಅಕ್ಷರಗಳಿಗೆ ತುಟಿ ಮುಚ್ಚಲೇಬೇಕು. ಒಂದೇ ವಾಕ್ಯವನ್ನು ರಿವೈಂಡ್ ಮಾಡಿ ಮಾಡಿ ನೋಡಿದರೆ ಐದು ನಿಮಿಷದ ಕೆಲಸ.

ಮಾತು ತಡವಾಗಿ ಬಂದರೆ ಬಹಳ ಸಲ ಬ್ಲೂಟೂತ್ ಸ್ಪೀಕರ್ ಕಾರಣ. ಸ್ವರವನ್ನು ಕಟ್ಟಿ, ಗಾಳಿಯಲ್ಲಿ ಕಳಿಸಿ, ಬಿಚ್ಚುವುದಕ್ಕೆ 100ರಿಂದ 200 ಮಿಲಿಸೆಕೆಂಡ್ ಹಿಡಿಯುವುದು ಮಾಮೂಲು. ಡಿಲೇ ಬಟನ್ ಸ್ವರವನ್ನು ಹಿಂದಕ್ಕೆ ತಳ್ಳಬಲ್ಲದು, ಮುಂದಕ್ಕೆ ತರಲಾರದು. ವಯರ್ ಹಾಕುವುದೇ ದಾರಿ.

ಸ್ವರ ಒಂಚೂರು ತಡ ಆದರೆ ನಾವು ಸಹಿಸಿಕೊಳ್ಳುತ್ತೇವೆ, ಮುಂಚೆ ಬಂದರೆ ಸಹಿಸುವುದಿಲ್ಲ. ಸುಮಾರು 45 ಮಿಲಿಸೆಕೆಂಡ್ ಮುಂಚೆ ಬಂದರೇ ಗೊತ್ತಾಗಿಬಿಡುತ್ತದೆ, ತಡ ಆದರೆ 125ರವರೆಗೂ ಗಮನಕ್ಕೆ ಬರುವುದಿಲ್ಲ ಅಂತ ಪ್ರಸಾರದವರು ಬಳಸುವ ಅಂತಾರಾಷ್ಟ್ರೀಯ ಶಿಫಾರಸು ಹೇಳುತ್ತದೆ. ಇದಕ್ಕೆ ನಮ್ಮ ಹಾಕಿ ಮೈದಾನಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಆಚೆ ಗೋಲಿನ ಹತ್ತಿರ ಸ್ಟಿಕ್ ಚೆಂಡಿಗೆ ಬಡಿಯುವುದು ಮೊದಲು ಕಾಣುತ್ತದೆ, "ಟಕ್" ಅನ್ನುವುದು ಆಮೇಲೆ ಕೇಳುತ್ತದೆ. ಮೈದಾನದ ಉದ್ದ 91.4 ಮೀಟರ್, ಸ್ವರ ಅಷ್ಟು ದೂರ ಬರಲು ಕಾಲು ಸೆಕೆಂಡಿಗೂ ಒಂಚೂರು ಜಾಸ್ತಿ ಬೇಕು. ಹುಟ್ಟಿದಾಗಿನಿಂದ ಹಾಗೆ ಕೇಳಿಕೊಂಡು ಬಂದ ಕಿವಿ ನಮ್ಮದು. ಸ್ಟಿಕ್ ತಾಗುವ ಮುಂಚೆಯೇ "ಟಕ್" ಕೇಳಿದರೆ ಮನಸ್ಸು ಒಪ್ಪುವುದಿಲ್ಲ.

ಹಾಕಿ ಮ್ಯಾಚ್ ರೆಕಾರ್ಡ್ ಮಾಡಿ ನೋಡಿದರೆ ಚೆಂಡಿಗೆ ಬಾಲ ಬಂದಿರುತ್ತದೆ.

ಸಣ್ಣ ಚೆಂಡು, ನೀಲಿ ಟರ್ಫ್, ಡ್ರ್ಯಾಗ್ ಫ್ಲಿಕ್‌ನ ವೇಗ. ಟಿವಿಗೆ ಇದಕ್ಕಿಂತ ಕಷ್ಟದ ಪರೀಕ್ಷೆ ಇಲ್ಲ. ಟಿವಿಯ ಪಿಕ್ಚರ್ ಮೆನುವಿನಲ್ಲಿ ಚಲನೆಯನ್ನು ನುಣುಪು ಮಾಡುವ ಆಯ್ಕೆ ಇರುತ್ತದೆ, ಆಫ್ ಮಾಡಿ. ಇಲ್ಲದ ಚಿತ್ರಗಳನ್ನು ಅದು ನಡುವೆ ತುಂಬುತ್ತದೆ, ವೇಗದ ಚೆಂಡು ಎಲ್ಲಿತ್ತು ಅಂತ ಊಹಿಸಲು ಹೋಗಿ ತಪ್ಪುತ್ತದೆ. ಆಮೇಲೆ ಬಾಕ್ಸ್‌ನಲ್ಲಿ 50 ಹರ್ಟ್ಸ್ ಇದೆಯಾ ನೋಡಿ. ನಮ್ಮ ಪ್ರಸಾರ 50ರದ್ದು. 60ಕ್ಕೆ ಇಟ್ಟಿದ್ದರೆ ಕ್ಯಾಮೆರಾ ತಿರುಗಿದಾಗೆಲ್ಲಾ ಚಿತ್ರ ಮುಗ್ಗರಿಸುತ್ತದೆ. ವಾರ್ತೆಯ ಕೆಳಗೆ ಓಡುವ ಅಕ್ಷರದ ಸಾಲು ಕುಲುಕುತ್ತಾ ಓಡಿದರೆ ಇದೇ ಗುರುತು.

ಟಿವಿ ಆಫ್ ಮಾಡಿ ಮಲಗಿದೆ. ರೆಕಾರ್ಡಿಂಗ್ ಅರ್ಧಕ್ಕೇ ನಿಂತಿದೆ.

ಎಚ್‌ಡಿಎಂಐನಲ್ಲಿ ಒಂದು ಉಪಕರಣ ಇನ್ನೊಂದಕ್ಕೆ ಆಜ್ಞೆ ಕೊಡುವ ಸಿಇಸಿ ಅನ್ನುವ ವ್ಯವಸ್ಥೆ ಇದೆ. ಟಿವಿ ಮಲಗುವಾಗ ಬಾಕ್ಸನ್ನೂ ಮಲಗಿಸುತ್ತದೆ. ಸ್ಯಾಮ್‌ಸಂಗ್‌ನಲ್ಲಿ ಇದಕ್ಕೆ ಎನಿನೆಟ್ ಪ್ಲಸ್ ಅನ್ನುತ್ತಾರೆ, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ಒಳ್ಳೆಯ ಬಾಕ್ಸ್ ಆದರೆ ಮಲಗಿದ ಹಾಗೆ ಕಂಡರೂ ರೆಕಾರ್ಡ್ ಮುಗಿಸುತ್ತದೆ. ನಿಮ್ಮದು ನಿಲ್ಲಿಸುತ್ತಿದ್ದರೆ ಟಿವಿಯ ಮೆನುವಿನಲ್ಲಿ ಇದನ್ನು ಆಫ್ ಮಾಡಿ. ಎಆರ್‌ಸಿ ಸೌಂಡ್ ಬಾರ್ ಇರುವವರು ಇದನ್ನು ಆಫ್ ಮಾಡಿದರೆ ಸೌಂಡ್ ಬಾರ್‌ನ ಸ್ವರವೂ ಹೋಗಬಹುದು. ಅಂಥವರು ಬಾಕ್ಸ್‌ನ ಮೆನುವಿನಲ್ಲಿ ಮಾತ್ರ ಆಫ್ ಮಾಡಿ.

ಪೆನ್‌ಡ್ರೈವ್‌ಗೆ ರೆಕಾರ್ಡ್ ಮಾಡಿದ್ದು ಮಗಳ ಮನೆ ಟಿವಿಯಲ್ಲಿ ಓಡುವುದಿಲ್ಲ.

ಬಹಳಷ್ಟು ಬಾಕ್ಸ್‌ಗಳು ರೆಕಾರ್ಡಿಂಗ್‌ಗೆ ಬೀಗ ಹಾಕುತ್ತವೆ, ಅದು ಅದೇ ಬಾಕ್ಸ್‌ನಲ್ಲಿ ಮಾತ್ರ ಓಡುತ್ತದೆ. ಪೆನ್‌ಡ್ರೈವ್ ಕೆಟ್ಟಿಲ್ಲ. ದಯವಿಟ್ಟು ಗಮನಿಸಿ: ಬೇರೆ ಬಾಕ್ಸ್‌ಗೆ ಸಿಕ್ಕಿಸಿದಾಗ "ಫಾರ್ಮ್ಯಾಟ್ ಮಾಡಲೇ?" ಅಂತ ಕೇಳುತ್ತದೆ. ಹೌದು ಅಂದರೆ ಎಲ್ಲಾ ಅಳಿಸಿಹೋಗುತ್ತದೆ.

ರೆಕಾರ್ಡಿಂಗ್ 4 ಜಿಬಿಗೆ ಬಂದು ನಿಲ್ಲುತ್ತಿದ್ದರೆ ಪೆನ್‌ಡ್ರೈವ್ ಫ್ಯಾಟ್32 ಫಾರ್ಮ್ಯಾಟ್‌ನಲ್ಲಿದೆ. ಅದರಲ್ಲಿ ಒಂದು ಫೈಲ್ ಅದಕ್ಕಿಂತ ದೊಡ್ಡದು ಆಗಲಾರದು. ಸೆಕೆಂಡಿಗೆ 8 ಮೆಗಾಬಿಟ್‌ನ ಎಚ್‌ಡಿ ಚಿತ್ರ ಗಂಟೆಗೆ 3.6 ಜಿಬಿ ತುಂಬುತ್ತದೆ, ಅಂದರೆ ಒಂದು ಸಿನಿಮಾ ಹಿಡಿಯುವುದಿಲ್ಲ. ಹೊರಗಿನ ಹಾರ್ಡ್ ಡಿಸ್ಕ್ ಕಟಕಟ ಅಂದು ನಿಲ್ಲುತ್ತಿದ್ದರೆ ಅದಕ್ಕೆ ಕರೆಂಟ್ ಸಾಲುತ್ತಿಲ್ಲ. ಹಳೆಯ ಯುಎಸ್‌ಬಿ 2.0 ಪೋರ್ಟ್‌ನ ಲೆಕ್ಕ 500 ಮಿಲಿಆಂಪ್ ಮಾತ್ರ. ಬೇರೆ ಅಡಾಪ್ಟರ್ ಇರುವ ಹಬ್ ಮೂಲಕ ಸಿಕ್ಕಿಸಿ.

ಸ್ಪೀಕರ್‌ನಲ್ಲಿ ಸದಾ "ಗುಂಯ್" ಅನ್ನುವ ಸದ್ದು.

ಬಾಕ್ಸ್‌ನ ಹಿಂದಿನ ಡಿಶ್ ಕೇಬಲ್ ಬಿಚ್ಚಿ ಕೇಳಿ. ಸದ್ದು ನಿಂತರೆ ಡಿಶ್‌ನ ಕಂಬ ಒಂದು ಕಡೆ ಭೂಮಿಗೆ ತಾಗಿದೆ, ಮನೆಯ ಅರ್ಥಿಂಗ್ ಇನ್ನೊಂದು ಕಡೆ ತಾಗಿದೆ, ನಡುವೆ ಸಣ್ಣ ಕರೆಂಟ್ ಸುತ್ತುತ್ತಿದೆ. ಎರಡನ್ನೂ ಎಲೆಕ್ಟ್ರಿಷಿಯನ್ ಕೈಯಲ್ಲಿ ಒಂದೇ ಅರ್ಥಿಂಗ್‌ಗೆ ಸೇರಿಸಿಕೊಳ್ಳಿ. ಪ್ಲಗ್‌ನ ಮೂರನೇ ಪಿನ್ ಮುರಿದು ಸದ್ದು ನಿಲ್ಲಿಸುವವರಿದ್ದಾರೆ. ಅದು ಜೀವಕ್ಕೆ ಅಪಾಯ, ಖಂಡಿತ ಮಾಡಬೇಡಿ. ಕರೆಂಟ್ ಹೋಗಿ ಇನ್ವರ್ಟರ್‌ನಲ್ಲಿ ಇರುವಾಗ ಮಾತ್ರ ಸದ್ದು ಬಂದರೆ ಇನ್ವರ್ಟರ್ ಸ್ಕ್ವೇರ್ ವೇವ್‌ನದ್ದು. ಮುಂದಿನ ಸಲ ಸೈನ್ ವೇವ್‌ನದ್ದು ತೆಗೆದುಕೊಳ್ಳಿ.

ಗುಡುಗು ಬಂದಾಗ ಪ್ಲಗ್ ತೆಗೆದಿದ್ದೆ. ಆದರೂ ಬಾಕ್ಸ್ ಸುಟ್ಟಿತು.

ಡಿಶ್ ಕೇಬಲ್ ತೆಗೆದಿರಲಿಲ್ಲ ಅಲ್ವಾ? ಏಪ್ರಿಲ್-ಮೇ ತಿಂಗಳ ಸಂಜೆ ಸಿಡಿಲು ಕಂಬಕ್ಕೆ ಹೊಡೆಯಲೇಬೇಕೆಂದಿಲ್ಲ, ಹತ್ತಿರ ಬಿದ್ದರೂ ಆ ಉದ್ದ ಕೇಬಲ್‌ನಲ್ಲಿ ವೋಲ್ಟೇಜ್ ಏರುತ್ತದೆ. ಅಲ್ಲಿಂದ ಬಾಕ್ಸ್, ಬಾಕ್ಸ್‌ನಿಂದ ಎಚ್‌ಡಿಎಂಐ ಮೂಲಕ ಟಿವಿ. ಮೂರನ್ನೂ ತೆಗೆಯಿರಿ: ಪ್ಲಗ್, ಡಿಶ್ ಕೇಬಲ್, ಎಚ್‌ಡಿಎಂಐ. ದೂರದಲ್ಲಿ ಗುಡುಗು ಕೇಳುವಾಗಲೇ ತೆಗೆಯಿರಿ. ಮನೆ ಮೇಲೇ ಬಂದ ಮೇಲೆ ವಯರ್ ಮುಟ್ಟಬೇಡಿ. ಸುಟ್ಟದ್ದು ಟಿವಿಯ ಒಂದು ಎಚ್‌ಡಿಎಂಐ ಪೋರ್ಟ್ ಮಾತ್ರ ಆಗಿದ್ದರೆ ಪಕ್ಕದ ಪೋರ್ಟ್ ನಡೆಯಬಹುದು, ಹಾಕಿ ನೋಡಿ.

ಬೆಂಗಳೂರಿನಲ್ಲಿದ್ದೇವೆ. ಪುತ್ತರಿ ಸುಗ್ಗಿ ಹಬ್ಬಕ್ಕೆ ಬಂದು ಮನೆ ತೆರೆದರೆ ಬಾಕ್ಸ್ ಆನ್ ಆಗುವುದಿಲ್ಲ.

ಆರು ತಿಂಗಳು ಮುಚ್ಚಿದ ಮನೆಯ ತೇವ ಅದು. ಬಂದ ಕೂಡಲೇ ಆನ್ ಮಾಡಬೇಡಿ. ಕಿಟಕಿ ತೆಗೆದು, ಒಂದು ದಿನ ಒಣಗಲು ಬಿಟ್ಟು ಆಮೇಲೆ ಹಾಕಿ. ಒಲೆಯ ಪಕ್ಕ ಇಡಬೇಡಿ. ಹೊರಡುವಾಗ ಬಾಕ್ಸನ್ನು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಗಾಳಿಯಾಡದ ಡಬ್ಬದಲ್ಲಿ ಇಟ್ಟು ಹೋಗಿ.

ಮದುವೆಯ ಹಳೆಯ ವಿಎಚ್‌ಎಸ್ ಕ್ಯಾಸೆಟ್ ಇದೆ. ವಿಸಿಆರ್‌ಗೆ ಹಾಕಿದರೆ ಬರೀ ಗೆರೆ ಬರುತ್ತದೆ.

ನಿಲ್ಲಿಸಿ. ಇನ್ನೊಂದು ಸಲ ಹಾಕಬೇಡಿ. ಕ್ಯಾಸೆಟ್‌ನ ಕಿಟಕಿಯನ್ನು ಬೆಳಕಿಗೆ ಹಿಡಿದು ಸುತ್ತಿದ ಟೇಪಿನ ಅಂಚು ನೋಡಿ. ಕಪ್ಪಗೆ ಹೊಳೆಯುತ್ತಿದ್ದರೆ ಒಳ್ಳೆಯದು. ಅಂಚಿನ ಮೇಲೆ ಅಕ್ಕಿಹಿಟ್ಟು ಚಿಮುಕಿಸಿದ ಹಾಗೆ ಬಿಳಿ ಕಂಡರೆ ಅದು ಬೂಸ್ಟು. ನಮ್ಮ ತೇವಕ್ಕೆ ಅಲ್ಮೇರಾದೊಳಗೂ ಬರುತ್ತದೆ. ಅದನ್ನು ಓಡಿಸಿದರೆ ಬೂಸ್ಟು ವಿಸಿಆರ್‌ನ ಹೆಡ್‌ಗೆ ಮೆತ್ತಿಕೊಂಡು, ಮುಂದೆ ಹಾಕುವ ಎಲ್ಲಾ ಕ್ಯಾಸೆಟ್‌ಗೂ ದಾಟುತ್ತದೆ. ಟೇಪೇ ಹರಿಯಲೂಬಹುದು.

ವಿರಾಜಪೇಟೆ ಕಡೆಯ ಒಬ್ಬರು ಅಂಥ ಒಂದು ಕ್ಯಾಸೆಟ್ ತಂದಿದ್ದರು. ಅಪ್ಪ-ಅಮ್ಮನ ಮದುವೆಯದ್ದು, ಅಪ್ಪ ಈಗಿಲ್ಲ. ಐದು ತಿರುಪು ಬಿಚ್ಚಿ, ಎರಡು ಚಕ್ರ ಹೊರತೆಗೆದು, ಒಂದು ವಾರ ಸಿಲಿಕಾ ಜೆಲ್ ಜೊತೆ ಒಣಗಿಸಿದೆ. ಆಮೇಲೆ ಮಾಸ್ಕ್ ಹಾಕಿಕೊಂಡು, ಹೊರಗೆ ಗಾಳಿಗೆ ಕೂತು, ಒಣ ಮೆತ್ತನೆ ಬಟ್ಟೆಯ ನಡುವೆ ಟೇಪನ್ನು ಕೈಯಲ್ಲಿ ಸುತ್ತುತ್ತಾ ಒರೆಸಿದೆ. ಪ್ರತಿ ಸುತ್ತಿಗೆ ಬಟ್ಟೆಯ ಹೊಸ ಜಾಗ. ಪೂರ್ತಿ ಟೇಪಿಗೆ ಎರಡು ಸಂಜೆ ಬೇಕಾಯಿತು. ವಿಸಿಆರ್‌ಗೆ ಹಾಕಿದಾಗ ಕೆಳಗಡೆ ಗೆರೆ ಉಳಿದಿತ್ತು. ಟ್ರ್ಯಾಕಿಂಗ್ ತಿರುಗಿಸಿದ ಮೇಲೆ ಅದೂ ಹೋಯಿತು. ಮೊದಲು ವಾಲಗದ ಸದ್ದು ಬಂತು, ಆಮೇಲೆ ಮದುಮಗನ ಬಿಳಿ ಕುಪ್ಯ ಅಂಗಿ ತೊಟ್ಟು, ಬಾಳೆ ಕಡಿಯಲು ಕತ್ತಿ ಎತ್ತಿದ ಹುಡುಗ. ಪಕ್ಕದಲ್ಲಿ ಕೂತಿದ್ದವರು ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ.

ಟೇಪ್ ಚೊಕ್ಕ ಇದ್ದೂ ಗೆರೆ ಬಂದರೆ ವಿಸಿಆರ್‌ನ ಹೆಡ್ ಕೊಳೆಯಾಗಿದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ, ನಾರು ಬಿಡದ ಬಟ್ಟೆಯನ್ನು ಹೆಡ್ ಕೂತಿರುವ ಡ್ರಮ್‌ಗೆ ಮೆಲ್ಲಗೆ ಹಿಡಿದು ಡ್ರಮ್ಮನ್ನೇ ತಿರುಗಿಸಬೇಕು. ಬಟ್ಟೆಯನ್ನು ಮೇಲೆ ಕೆಳಗೆ ಉಜ್ಜಿದರೆ ಹೆಡ್ ಮುರಿಯುತ್ತದೆ. ಕಿವಿಗೆ ಹಾಕುವ ಹತ್ತಿಕಡ್ಡಿ ಬೇಡ.

ಕಾಪಿ ಮಾಡುವಾಗ ವಿಸಿಆರ್‌ನ ಹಳದಿ ಪಿನ್‌ನಿಂದ ಕಂಪ್ಯೂಟರ್‌ಗೆ ಹಾಕುವ ಕ್ಯಾಪ್ಚರ್ ಸಾಧನದಲ್ಲಿ ಪಾಲ್ ಆರಿಸಿ. ಮನೆಯ ಮದುವೆ ಟೇಪ್ ಕಾಪಿಯಾಗುವಾಗ ಚಿತ್ರ ಒಮ್ಮೆ ಮಂಕು, ಒಮ್ಮೆ ಬೆಳಕು ಆಗುತ್ತಿದ್ದರೆ ಸಾಧನದ ಸೆಟ್ಟಿಂಗ್ ನೋಡಿ. ಅಂಗಡಿಯಿಂದ ಕೊಂಡ ಸಿನಿಮಾ ಕ್ಯಾಸೆಟ್ ಹಾಗೆ ಮಾಡಿದರೆ ಅದು ಕಾಪಿ ತಡೆಯಲು ಬೇಕೆಂದೇ ಸೇರಿಸಿದ ಮ್ಯಾಕ್ರೋವಿಷನ್.

ಈ ಕೆಲಸವನ್ನು ಮುಂದಕ್ಕೆ ಹಾಕಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಕೊನೆಯವರೆಗೂ ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈಯಲ್ಲಿ ನಿಲ್ಲಿಸಿತು. ಈಗ ಇರುವವೆಲ್ಲಾ ಹಳೆಯವು, ಬೆಲ್ಟ್ ಹರಿದರೆ ಹುಡುಕಬೇಕು. ಕಾಪಿ ಆದ ಮೇಲೆ ಎರಡು ಬೇರೆ ಡಿಸ್ಕ್‌ನಲ್ಲಿ ಇಟ್ಟು, ಒಂದನ್ನು ಬೇರೆ ಊರಿನಲ್ಲಿರುವ ತಮ್ಮನಿಗೋ ತಂಗಿಗೋ ಕೊಡಿ. ಕ್ಯಾಸೆಟ್ಟನ್ನು ಎಸೆಯಬೇಡಿ. ಪೂರ್ತಿ ಹಿಂದಕ್ಕೆ ಸುತ್ತಿ, ಪುಸ್ತಕ ನಿಲ್ಲಿಸಿದ ಹಾಗೆ ನಿಲ್ಲಿಸಿ, ಸಿಲಿಕಾ ಜೆಲ್ ಜೊತೆ ಡಬ್ಬದಲ್ಲಿಡಿ. ಪೊಟ್ಟಣವನ್ನು ಪ್ರತಿ ಮಳೆಗಾಲದ ಮುಂಚೆ ಬದಲಿಸಿ.